ಹೆಂಚಿನ ಮಾಡಿನ ಕೆಳಗೆ ಹನ್ನೆರಡು ವಾರ: ಸಭೆಯೊಂದರ ದೇಹಪಾಲನೆ ತರಗತಿ

ಉಡುಪಿ ಜಿಲ್ಲೆಯ ನಮ್ಮ ಊರಿನ ಪ್ರೊಟೆಸ್ಟಂಟ್ ಸಭೆಯು ಕಳೆದ ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ತನ್ನ ಹಳೆಯ ಸಭಾ ಭವನದಲ್ಲಿ ಹನ್ನೆರಡು ವಾರಗಳ ದೇಹಪಾಲನೆ ತರಗತಿಯೊಂದನ್ನು ನಡೆಸಿತು. ಸೋಮವಾರ, ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ 6ರಿಂದ 7 ಗಂಟೆಯವರೆಗೆ ವ್ಯಾಯಾಮ; ತಿಂಗಳಿಗೊಂದು ಶನಿವಾರ ರಕ್ತದೊತ್ತಡ, ರಕ್ತದ ಸಕ್ಕರೆ, ಸೊಂಟದ ಸುತ್ತಳತೆ ಮತ್ತು ಪಾದಗಳ ಪರೀಕ್ಷೆ, ಅದಾದ ಮೇಲೆ ಎಲ್ಲರೂ ಕೂಡಿ ಊಟ. ಮೂರು ತಿಂಗಳಿಗೆ ಶುಲ್ಕ 600 ರೂಪಾಯಿ. ಕೊಡಲು ಅನುಕೂಲವಿಲ್ಲದವರು ಕೊಡಬೇಕಾಗಿಲ್ಲ, ಯಾರು ಕೊಟ್ಟರು ಯಾರು ಕೊಡಲಿಲ್ಲ ಎಂಬುದು ಖಜಾಂಚಿಯವರಿಗಲ್ಲದೆ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಒಟ್ಟು 36 ತರಗತಿಗಳಲ್ಲಿ ನಾನು 31ಕ್ಕೆ ಹಾಜರಾದೆ. ನಮ್ಮದು ಸಣ್ಣ ಸಭೆ. ಹೆಸರು ಹೇಳಿದರೆ ಅದರಲ್ಲಿದ್ದವರ ಕಾಯಿಲೆ ಕಸಾಲೆಗಳೆಲ್ಲ ಊರಿಗೆ ತಿಳಿದಂತಾಗುವುದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂತಹ ತರಗತಿಯನ್ನು ತಮ್ಮ ಸಭೆಯಲ್ಲೂ ಆರಂಭಿಸಬೇಕೆಂದು ಯೋಚಿಸುತ್ತಿರುವವರಿಗೆ ಇದರ ಒಳ್ಳೆಯದೂ ಕೊರತೆಯೂ ತಿಳಿದಿರಲಿ ಎಂಬುದೇ ಈ ಬರಹದ ಉದ್ದೇಶ.

ನನಗೆ 57 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷಗಳಾದವು. ಈ ಒಂಬತ್ತು ವರ್ಷಗಳಲ್ಲಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ಮಾತ್ರೆಯನ್ನು ಬಿಟ್ಟರೆ ದೇಹಕ್ಕಾಗಿ ಬೇರೇನನ್ನೂ ಮಾಡಿದವಳೂ ಅಲ್ಲ. ಬೆಳಿಗ್ಗೆ ಅರ್ಧ ಗಂಟೆ ನಡೆದು ಬರೋಣವೆಂದು ಹೊರಟರೆ ಅತ್ತೆಯವರ ಔಷಧಿ, ಮನೆಯವರ ಬುತ್ತಿ, ಸಂಡೇ ಸ್ಕೂಲ್ ಮಕ್ಕಳ ಪಾಠದ ತಯಾರಿ ಎಲ್ಲವನ್ನೂ ಬಿಟ್ಟು ನನ್ನ ಸುಖವನ್ನಷ್ಟೇ ನೋಡಿಕೊಂಡೆನಲ್ಲ ಎಂಬ ಅಳುಕು ಗೇಟಿನ ಬಳಿಯೇ ಹಿಡಿದು ನಿಲ್ಲಿಸುತ್ತಿತ್ತು. ಬೇರೆಯವರ ದೇಹಕ್ಕೆ ಮಾಡಿದ್ದು ಸೇವೆ, ನನ್ನ ದೇಹಕ್ಕೆ ಮಾಡಿಕೊಂಡದ್ದು ಸ್ವಾರ್ಥ ಎಂದು ಯಾರೂ ಬಾಯಿಬಿಟ್ಟು ಕಲಿಸಿರಲಿಲ್ಲ, ಆದರೂ ಅದನ್ನೇ ಕಲಿತಿದ್ದೆ. ಮನೆಯ ಹತ್ತಿರದ ಜಿಮ್‌ಗೆ ಎರಡು ತಿಂಗಳ ಹಣ ಕಟ್ಟಿ ನಾಲ್ಕೇ ದಿನ ಹೋಗಿ ಬಿಟ್ಟದ್ದೂ ಉಂಟು. ಅಲ್ಲಿ ಕನ್ನಡಿ ಬಹಳ, ನನ್ನ ವಯಸ್ಸಿನವರು ಒಬ್ಬರೂ ಇರಲಿಲ್ಲ.

ಕರಾವಳಿಯ ಕ್ರೈಸ್ತರಿಗೆ ದೇಹದ ಸೇವೆ ಹೊಸ ವಿಷಯವೇನೂ ಅಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿದ್ದು ಇಂದು ವೈದ್ಯಕೀಯ ಕಾಲೇಜುಳ್ಳ ದೊಡ್ಡ ಆಸ್ಪತ್ರೆಯಾಗಿ ನಿಂತಿದೆ. ಬಾಸೆಲ್ ಮಿಷನ್ ವತಿಯಿಂದ ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ ಅವರು 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಆಸ್ಪತ್ರೆಯನ್ನು ಊರವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ನಮ್ಮ ಸಭೆಗಳಲ್ಲಿ ದಾದಿಯರೇ ಇಲ್ಲದ ಕುಟುಂಬಗಳು ಕಡಿಮೆ. ಆದರೂ ಆಸ್ಪತ್ರೆಯಲ್ಲಿ ಸೇವೆ ಮಾಡಿ ದಣಿದ ಅದೇ ಜನ ಐವತ್ತು ದಾಟುವುದರೊಳಗೆ ರೋಗಿಗಳಾಗಿ ಅಲ್ಲಿಗೇ ಮರಳುವುದನ್ನು ನಾನು ಕಂಡಿದ್ದೇನೆ. ಭಾನುವಾರದ ಆರಾಧನೆ ಮುಗಿದ ಮೇಲೆ ನಾವು ಕುಡಿಯುವ ಒಂದು ಲೋಟ ಚಹಾದಲ್ಲಿ ಎರಡು ಚಮಚ ಸಕ್ಕರೆ, ಜೊತೆಗೆ ಮೈದಾಕ್ಕೆ ಬಾಳೆಹಣ್ಣು ಸಕ್ಕರೆ ಕಲಸಿ ಎಣ್ಣೆಯಲ್ಲಿ ಕರಿದ ಬನ್ಸ್, ಇಲ್ಲವೇ ಗೋಳಿಬಜೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿತು. ಆ ಲೆಕ್ಕದಲ್ಲಿ ನಮ್ಮ ಬೆಂಚುಗಳಲ್ಲಿ ಕುಳಿತವರೂ ಇದ್ದಾರೆಂಬುದನ್ನು ಸಭೆ ಒಪ್ಪಿಕೊಂಡದ್ದರಿಂದಲೇ ಈ ತರಗತಿ ಹುಟ್ಟಿತು.

ನಡೆಸಿದವರು ಇಬ್ಬರು. ಒಬ್ಬರು ದಾದಿಯಾಗಿ ದುಡಿದು ನಿವೃತ್ತರಾದವರು, ನಾವೆಲ್ಲ ಸಿಸ್ಟರ್ ಎಂದೇ ಕರೆಯುವ ಹಿರಿಯರು. ಇನ್ನೊಬ್ಬರು ಹಿಂದೆ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಮೊದಲ ದಿನ ಸಿಸ್ಟರ್ ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯವನ್ನು ತೆರೆದರು. ದೇಹವು ಪವಿತ್ರಾತ್ಮನ ಆಲಯವೆಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಸಾಮಾನ್ಯವಾಗಿ ಅದನ್ನು ಕುಡಿಯಬೇಡಿ, ಸೇದಬೇಡಿ ಎಂದು ಯುವಕರಿಗೆ ಬುದ್ಧಿ ಹೇಳುವುದಕ್ಕೆ ಬಳಸುತ್ತಾರೆ. ಆದರೆ ನಮ್ಮ ಕನ್ನಡ ಸತ್ಯವೇದದಲ್ಲಿ ಆ ಜಾಗದಲ್ಲಿರುವ ಶಬ್ದ ಗರ್ಭಗುಡಿ ಎಂಬುದನ್ನು ಅವರು ಬೆರಳಿಟ್ಟು ತೋರಿಸಿದರು. ಪೌಲನು ಬಳಸಿದ ಗ್ರೀಕ್ ಶಬ್ದಕ್ಕೂ ದೇವಾಲಯದ ಒಳಮನೆ ಎಂದೇ ಅರ್ಥ. ಉಡುಪಿಯ ನೆಲದಲ್ಲಿ ಹುಟ್ಟಿದವರಿಗೆ ಗರ್ಭಗುಡಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ದಿನವೂ ತೊಳೆಯುವ, ಗುಡಿಸುವ, ದೀಪಕ್ಕೆ ಎಣ್ಣೆ ಹಾಕುವ ಕೆಲಸ ತಪ್ಪುವುದಿಲ್ಲ. ಅದನ್ನು ಯಾರೂ ಅಲಂಕಾರವೆಂದು ಕರೆಯುವುದಿಲ್ಲ, ಸೇವೆ ಎಂದೇ ಕರೆಯುತ್ತಾರೆ. ದೇಹವನ್ನು ಹಾಗೆ ನೋಡಿಕೊಳ್ಳಿ, ಸಾಕು ಎಂದರು. ಅದೇ ವಚನದ ಮುಂದಿನ ಭಾಗವನ್ನೂ ಓದಿಸಿದರು: ನಾವು ನಮ್ಮ ಸ್ವಂತ ಸೊತ್ತಲ್ಲ. ಈ ಮಾತನ್ನು ನಾನು ಇಷ್ಟು ವರ್ಷ ತ್ಯಾಗದ ಕರೆಯೆಂದೇ ಕೇಳಿದ್ದೆ. ಸ್ವಂತದ್ದಲ್ಲದ ಸೊತ್ತನ್ನು ಹಾಳುಗೆಡವಲು ನಮಗೆ ಹಕ್ಕಿಲ್ಲ, ಮನೆವಾರ್ತೆಯವನು ಯಜಮಾನನಿಗೆ ಲೆಕ್ಕ ಒಪ್ಪಿಸಬೇಕು ಎಂಬ ಅರ್ಥವೂ ಅದರಲ್ಲಿದೆಯೆಂದು ಆ ಬೆಳಿಗ್ಗೆ, ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ, ನನಗೆ ಹೊಳೆಯಿತು. ಗೇಟಿನ ಬಳಿಯ ಅಳುಕು ಅಂದಿನಿಂದ ಸಡಿಲವಾಯಿತು.

ಪ್ರತಿ ತರಗತಿಯ ಆರಂಭಕ್ಕೆ ಐದು ನಿಮಿಷಗಳ ಸತ್ಯವೇದ ಪಾಠ, ಕೊನೆಗೆ ಚಿಕ್ಕ ಪ್ರಾರ್ಥನೆ. ಆಯ್ದುಕೊಂಡ ಭಾಗಗಳು ಬಹಳ ಚೆನ್ನಾಗಿದ್ದವು. ಸಾಯುವುದೇ ಮೇಲೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ; ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಇಟ್ಟು ಎದ್ದು ಊಟಮಾಡೆಂದನು, ಮತ್ತೆ ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಉಣಿಸಿದನು. ಯಾಯೀರನ ಮಗಳನ್ನು ಬದುಕಿಸಿದ ಯೇಸುಸ್ವಾಮಿಯು ಮನೆಯವರಿಗೆ ಹೇಳಿದ್ದು ಆಕೆಗೆ ಏನಾದರೂ ಊಟಕ್ಕೆ ಕೊಡಿರಿ ಎಂದು. ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ದೇಹಸಾಧನೆಯಿಂದ ಸ್ವಲ್ಪಮಟ್ಟಿಗೆ ಪ್ರಯೋಜನವಿದೆ, ಭಕ್ತಿಯಿಂದಲಾದರೋ ಎಲ್ಲಾ ವಿಧದಲ್ಲೂ ಪ್ರಯೋಜನವಿದೆ ಎಂದಿರುವುದನ್ನೂ ಮರೆಮಾಚದೆ ಓದಿದರು. ವ್ಯಾಯಾಮವನ್ನೇ ಧರ್ಮ ಮಾಡಿಕೊಳ್ಳದಂತೆ ಆ ಒಂದು ವಚನ ತರಗತಿಯನ್ನು ಕೊನೆಯವರೆಗೂ ಕಾಯಿತು ಎನ್ನಬೇಕು.

ಈಗ ಪಾದಗಳ ಪರೀಕ್ಷೆಯ ಬಗ್ಗೆ ಬರೆಯಬೇಕು. ಇಡೀ ತರಗತಿಯಲ್ಲಿ ಬೆಲೆ ಕಟ್ಟಲಾಗದ ಭಾಗ ಇದು. ಜೂನ್ ತಿಂಗಳ ಕೊನೆಯ ಶನಿವಾರ ನಮ್ಮನ್ನು ಒಬ್ಬೊಬ್ಬರನ್ನಾಗಿ ಪರದೆಯ ಹಿಂದೆ ಕರೆದು, ಮರದ ಕುರ್ಚಿಯಲ್ಲಿ ಕೂರಿಸಿ, ಸಿಸ್ಟರ್ ತಾವು ನೆಲದ ಮೇಲೆ ಮಣೆ ಹಾಕಿಕೊಂಡು ಕುಳಿತರು. ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರಿತ್ತು. ಅವರು ನನ್ನ ಪಾದಗಳನ್ನು ತೊಳೆದರು, ಬೆರಳ ಸಂದುಗಳನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸಿದರು. ನನಗಿಂತ ಹದಿನೈದು ವರ್ಷ ಹಿರಿಯರು ನನ್ನ ಕಾಲು ಮುಟ್ಟುವುದೆಂದರೆ ಮೈಯೆಲ್ಲ ಮುದುಡಿತು. ಬೇಡ ಸಿಸ್ಟರ್, ನಾನೇ ತೊಳೆದುಕೊಂಡು ಬರುತ್ತೇನೆ ಎಂದೆ. "ಪೇತ್ರನೂ ಹೀಗೇ ಹೇಳಿದ್ದಲ್ಲವೇನಮ್ಮಾ?" ಎಂದು, ಯೇಸುಸ್ವಾಮಿಯು ಪಾದ ತೊಳೆಯಲು ಬಂದಾಗ ಬೇಡವೆಂದ ಶಿಷ್ಯನನ್ನು ನೆನಪಿಸುತ್ತಾ, ಅವರು ತಲೆಯೆತ್ತದೆ ಕೇಳಿದರು. ಆಮೇಲೆ ಗಾಳದ ನೈಲಾನ್ ದಾರದಂತಹ ಒಂದು ಎಳೆಯನ್ನು ತೆಗೆದರು. ಮೊನೊಫಿಲಮೆಂಟ್ ಎಂದು ಅದರ ಹೆಸರು. ಚರ್ಮಕ್ಕೆ ಒತ್ತಿದಾಗ ಹತ್ತು ಗ್ರಾಂ ಭಾರಕ್ಕೆ ಬಾಗುವಂತೆ ಮಾಡಿರುತ್ತಾರೆ. ಮೊದಲು ಅಂಗೈಗೆ ತಾಗಿಸಿ ಹೇಗಿರುತ್ತದೆಂದು ತೋರಿಸಿ, ಕಣ್ಣು ಮುಚ್ಚಿಸಿ, ತಾಗಿದಾಗಲೆಲ್ಲ ಹೌದು ಎನ್ನಲು ಹೇಳಿದರು. ಹೌದು, ಹೌದು ಎನ್ನುತ್ತಾ ಹೋದೆ. ಎಡಗಾಲಿನ ಹೆಬ್ಬೆರಳ ಕೆಳಗೆ ಬಂದಾಗ ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ಕಣ್ಣು ತೆರೆದು ನೋಡಿದರೆ ಎಳೆ ಅಲ್ಲಿ ಬಾಗಿ ನಿಂತಿತ್ತು, ನನಗೆ ಏನೂ ತಿಳಿದಿರಲಿಲ್ಲ.

ಬಹಳ ಕಾಲ ಸಕ್ಕರೆ ಹೆಚ್ಚಾಗಿದ್ದರೆ ನರಗಳಿಗೂ ಅವುಗಳಿಗೆ ರಕ್ತ ಒದಗಿಸುವ ಸಣ್ಣ ನಾಳಗಳಿಗೂ ಹಾನಿಯಾಗುತ್ತದೆ. ದೇಹದಲ್ಲಿ ಅತ್ಯಂತ ಉದ್ದದ ನರಗಳು ಪಾದಕ್ಕೆ ಹೋಗುವವಾದ್ದರಿಂದ ಮರಗಟ್ಟುವಿಕೆ ಅಲ್ಲಿಂದಲೇ ಆರಂಭವಾಗುವುದು ಸಾಮಾನ್ಯ. ಮುಳ್ಳು ಚುಚ್ಚಿದ್ದು, ಚಪ್ಪಲಿ ಉಜ್ಜಿದ್ದು ಗೊತ್ತಾಗದೆ ಗಾಯ ಹುಣ್ಣಾಗಿ, ಹುಣ್ಣು ಕೀವಾಗಿ, ಕೊನೆಗೆ ಬೆರಳನ್ನೋ ಕಾಲನ್ನೋ ಕತ್ತರಿಸುವಲ್ಲಿಗೆ ಮುಟ್ಟಬಹುದು. ಒಂಬತ್ತು ವರ್ಷಗಳಲ್ಲಿ ನಾನು ತೋರಿಸಿಕೊಂಡ ಕ್ಲಿನಿಕ್‌ನಲ್ಲಿ ಯಾರೂ ಒಮ್ಮೆಯೂ ಚಪ್ಪಲಿ ಬಿಚ್ಚಿ ಎಂದು ಹೇಳಿರಲಿಲ್ಲ. ಸಿಸ್ಟರ್ ಅಲ್ಲೇ ವೈದ್ಯರಿಗೆ ಚೀಟಿ ಬರೆದುಕೊಟ್ಟರು. ದಿನವೂ ರಾತ್ರಿ ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು, ಉಗುರನ್ನು ನೇರವಾಗಿ ಕತ್ತರಿಸಬೇಕು, ಬಿಸಿನೀರಿನ ಹದವನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು, ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು ಎಂದರು. ಈ ಕೊನೆಯ ಸೂಚನೆಯಿಂದ ಸಭಾ ಭವನದಲ್ಲಿ ಒಂದು ಪ್ರಶ್ನೆ ಎದ್ದಿತು. ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು ಒಳಗೆ ಹೋಗುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಸಭಾ ಮಂಡಳಿಯು ಎರಡು ಕೂಟಗಳಲ್ಲಿ ಚರ್ಚಿಸಿ, ಸಕ್ಕರೆ ಕಾಯಿಲೆಯವರು ಭವನದೊಳಗೆ ಮಾತ್ರ ಬಳಸುವ ಶುದ್ಧವಾದ ಚಪ್ಪಲಿಯನ್ನು ಹಾಕಿಕೊಳ್ಳಬಹುದೆಂದು ತೀರ್ಮಾನಿಸಿ, ಅವುಗಳನ್ನಿಡಲು ಬಾಗಿಲ ಪಕ್ಕದಲ್ಲಿ ಒಂದು ಮರದ ಕಪಾಟನ್ನೇ ಮಾಡಿಸಿತು. ಪಾದ ತೊಳೆಯುವ ವಿಧಿಯನ್ನು ವರ್ಷಕ್ಕೊಮ್ಮೆ ಪವಿತ್ರ ಗುರುವಾರದಂದು ಆಚರಿಸುವ ಸಭೆಗಳಿವೆ. ಈ ಕಪಾಟನ್ನು ಕಂಡಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ವ್ಯಾಯಾಮದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಹತ್ತು ನಿಮಿಷ ಕೈಕಾಲು ಸಡಿಲಿಸುವುದು, ಇಪ್ಪತ್ತೈದು ನಿಮಿಷ ಭವನದ ಸುತ್ತ ಚುರುಕು ನಡಿಗೆ, ಹದಿನೈದು ನಿಮಿಷ ಸ್ನಾಯುಗಳಿಗೆ ಬಲ ತರುವ ಅಭ್ಯಾಸ. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ, ಎರಡು ದಿನವಾದರೂ ಸ್ನಾಯುಬಲದ ಅಭ್ಯಾಸ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತರಗತಿಯಲ್ಲಿ ಸಿಗುವುದು ಅದರ ಅರ್ಧ, ಉಳಿದದ್ದನ್ನು ಮನೆಯಲ್ಲಿ ಮಾಡಬೇಕು. ಭಾರಕ್ಕೆ ಮರಳು ತುಂಬಿದ ನೀರಿನ ಬಾಟಲಿಗಳು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ಅಭ್ಯಾಸ. ಮೊದಲ ವಾರ ಐದು ಸಲಕ್ಕೇ ತೊಡೆ ನಡುಗುತ್ತಿತ್ತು, ಕೊನೆಯ ವಾರ ಹದಿನಾಲ್ಕು ಸಲ ಎದ್ದೆ. ಮಳೆ ಬಿಡುವು ಕೊಟ್ಟ ಶುಕ್ರವಾರಗಳಲ್ಲಿ ಮಾಸ್ತರರು ಅಂಗಳದಲ್ಲಿ ವಾಲಿಬಾಲ್ ಬಲೆ ಕಟ್ಟುತ್ತಿದ್ದರು. ಕರಾವಳಿಯ ಊರೂರಲ್ಲಿ ಆಡುವ ಈ ಆಟವನ್ನು 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನ ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯಲ್ಲಿ ವಿಲಿಯಂ ಮೋರ್ಗನ್ ಎಂಬವರು ರೂಪಿಸಿದರೆಂದೂ, ಆ ಸಂಸ್ಥೆಯ ಗುರುತಾದ ಕೆಂಪು ತ್ರಿಕೋನದ ಮೂರು ಬದಿಗಳು ದೇಹ, ಮನಸ್ಸು ಮತ್ತು ಆತ್ಮಗಳನ್ನು ಸೂಚಿಸುತ್ತವೆಯೆಂದೂ, 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಿಂದಲೇ ತಾವು ಕಲಿತು ಬಂದವರೆಂದೂ ಅವರು ಹೇಳಿದಾಗ, ಡ್ರಿಲ್ ಪೀರಿಯಡ್ಡನ್ನು ಗಣಿತಕ್ಕಾಗಿ ಕೇಳಿ ಪಡೆಯುತ್ತಿದ್ದ ನನ್ನ ಹಳೆಯ ಅಭ್ಯಾಸ ನೆನಪಾಗಿ ನಾಚಿಕೆಯಾಯಿತು.

ಊಟವನ್ನು ಮನಸಾರೆ ಹೊಗಳುತ್ತೇನೆ. ಪಥ್ಯದ ಹೆಸರಿನಲ್ಲಿ ಓಟ್ಸ್, ಬೇಯಿಸಿದ ಬ್ರಾಕೊಲಿ ಎಂದು ನಮ್ಮದಲ್ಲದ್ದನ್ನು ತಂದಿಡಲಿಲ್ಲ. ಜೂನ್ ಮತ್ತು ಜುಲೈಯಲ್ಲಿ ಪಶ್ಚಿಮ ಕರಾವಳಿಯಲ್ಲಿ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ದುಬಾರಿ. ಒಣಮೀನಿನಲ್ಲಿ ಉಪ್ಪು ಜಾಸ್ತಿ ಎಂದು ಸಿಸ್ಟರ್ ಅದನ್ನು ಒಲ್ಲೆನೆಂದರು. ಆ ಎರಡು ತಿಂಗಳು ಕುಚ್ಚಲಕ್ಕಿಯ ಗಂಜಿ ಅಳತೆಯಲ್ಲಿ, ಹೆಸರುಕಾಳಿನ ಗಸಿ ಧಾರಾಳವಾಗಿ, ಬಸಳೆ, ತೊಂಡೆಕಾಯಿ ಪಲ್ಯ, ಒಂದೆಲಗದ ತಂಬುಳಿ. ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದ ಮೇಲೆ ಬಂಗುಡೆಯ ಪುಳಿಮುಂಚಿ ಬಂತು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಕಾಳು ಅಥವಾ ಮೀನು, ಕಾಲು ಭಾಗ ಅನ್ನ ಎಂಬ ಲೆಕ್ಕವನ್ನು ಸ್ಟೀಲ್ ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಕಲಿಸಿದರು. ಅನ್ನವನ್ನು ಬಿಡಿ ಎಂದು ಯಾರೂ ಹೇಳಲಿಲ್ಲ. ದಿನನಿತ್ಯದ ಆಹಾರಕ್ಕಾಗಿ ಪ್ರಾರ್ಥಿಸಿ ಎದ್ದವರಿಗೆ ಅನ್ನವನ್ನು ಶತ್ರುವೆಂದು ತೋರಿಸುವುದು ನನಗೂ ಸರಿಕಾಣುವುದಿಲ್ಲ. ಭಾನುವಾರದ ಚಹಾ ಈಗ ಎರಡು ಕೆಟಲ್‌ಗಳಲ್ಲಿ ಬರುತ್ತದೆ, ಒಂದರಲ್ಲಿ ಸಕ್ಕರೆ ಇಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೂಕ ನೋಡಿ ಗಟ್ಟಿಯಾಗಿ ಓದಿದರು. ಆ ವಾರವೇ ಇಬ್ಬರು ಸೋದರಿಯರು ಬರುವುದನ್ನು ಬಿಟ್ಟರು, ಮರಳಿ ಬರಲೇ ಇಲ್ಲ. ದೂರಿನ ಮೇಲೆ ತೂಕದ ಯಂತ್ರ ಪರದೆಯ ಹಿಂದೆ ಹೋಯಿತಾದರೂ ಕಳೆದುಕೊಂಡವರನ್ನು ಕಳೆದುಕೊಂಡೆವು. ಇನ್ನೂ ಭಾರವಾದದ್ದು ಏಳನೆಯ ವಾರದ್ದು. ಹೊರಗಿನಿಂದ ಕರೆಸಿದ ಉಪದೇಶಕರೊಬ್ಬರು ರೋಗವೆಂಬುದು ಅವಿಧೇಯತೆಯ ಫಲ, ನಂಬಿಕೆ ಬಲವಾಗಿದ್ದರೆ ಮಾತ್ರೆಯ ಅಗತ್ಯವೇ ಬೀಳದು ಎಂಬ ಧಾಟಿಯಲ್ಲಿ ಅರ್ಧ ಗಂಟೆ ಮಾತನಾಡಿದರು. ಹುಟ್ಟಿನಿಂದಲೇ ಸಕ್ಕರೆ ಕಾಯಿಲೆಯಿರುವ ಮಗುವಿನ ತಾಯಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದುದನ್ನು ನಾನು ಮರೆಯಲಾರೆ. ಕುರುಡನಾಗಿ ಹುಟ್ಟಿದವನ ವಿಷಯದಲ್ಲಿ ಪಾಪ ಯಾರದೆಂದು ಶಿಷ್ಯರು ಕೇಳಿದ್ದಕ್ಕೆ ಸ್ವಾಮಿಯು ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದು ಉತ್ತರ ಕೊಟ್ಟದ್ದು ಯೋಹಾನನ ಸುವಾರ್ತೆಯಲ್ಲಿಯೇ ಇದೆ. ಸಿಸ್ಟರ್ ಮರುತರಗತಿಯಲ್ಲಿ ಅದನ್ನು ಓದಿ, ಇನ್ಸುಲಿನ್ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯಲ್ಲ, ಯಾರೂ ಒಂದು ಹೊತ್ತಿನ ಔಷಧಿಯನ್ನೂ ನಿಲ್ಲಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಆದರೆ ಅಂತಹ ಉಪದೇಶಕ್ಕೆ ವೇದಿಕೆ ಕೊಡುವ ಮೊದಲು ವಿಚಾರಿಸಬೇಕಾದದ್ದು ಸಂಘಟಕರ ಹೊಣೆಯಾಗಿತ್ತು. ದೇಹದ ಆರೈಕೆ ಭಕ್ತಿಯ ಗುರುತು ಎಂದು ಹೇಳುವವರು ದೇಹ ಕೈಕೊಟ್ಟವರನ್ನು ಭಕ್ತಿಹೀನರೆಂದು ಎಣಿಸುವ ಅಪಾಯಕ್ಕೆ ಬಹಳ ಹತ್ತಿರದಲ್ಲಿರುತ್ತಾರೆ. ಇಂತಹ ತರಗತಿ ನಡೆಸುವ ಪ್ರತಿ ಸಭೆಯೂ ಈ ಒಂದು ಎಚ್ಚರವನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕೆಂದು ನಾನು ಒತ್ತಾಯಿಸುತ್ತೇನೆ.

ಉಳಿದವು ಚಿಕ್ಕವು. ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲ ಜಾರುತ್ತದೆ, ಸೆಣಬಿನ ಚಾಪೆ ಹಾಸಿದ್ದು ಮೂರನೆಯ ವಾರದಲ್ಲಿ. ಗಾಲಿಕುರ್ಚಿಗೆ ಇಳಿಜಾರು ದಾರಿ ಇಲ್ಲ. ಬೆಳಿಗ್ಗೆ ಆರು ಗಂಟೆಯ ಹೊತ್ತು ಬಂದರಿಗೆ ಹೋಗುವ ಮೀನುಗಾರ ಮಹಿಳೆಯರಿಗೂ ಬೀಡಿ ಕಟ್ಟಿ ಮನೆ ನಡೆಸುವವರಿಗೂ ಆಗಿಬರುವುದಿಲ್ಲ. ದೇಹ ಹೆಚ್ಚು ದಣಿಯುವವರೇ ಹೊರಗುಳಿದರು. 28 ಜನರಲ್ಲಿ ಗಂಡಸರು ಐವರು ಮಾತ್ರ.

ಫಲವೇನೆಂದು ಕೇಳುವವರಿಗಾಗಿ: ನನ್ನ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 8.6ರಿಂದ 7.4ಕ್ಕೆ ಇಳಿಯಿತು. ವೈದ್ಯರು ಅದೇ ಅವಧಿಯಲ್ಲಿ ಒಂದು ಮಾತ್ರೆಯನ್ನು ಬದಲಾಯಿಸಿದ್ದರಿಂದ ಇದೆಲ್ಲವೂ ತರಗತಿಯಿಂದಲೇ ಎಂದು ನಾನು ಹೇಳಲಾರೆ. ಎಡಗಾಲಿನ ಆ ಜಾಗದಲ್ಲಿ ಸ್ಪರ್ಶ ಮರಳಿ ಬಂದಿಲ್ಲ. ಹರಡದಂತೆ ನೋಡಿಕೊಳ್ಳುವುದೇ ಈಗಿರುವ ದಾರಿ ಎಂದು ವೈದ್ಯರು ತಿಳಿಸಿದ್ದಾರೆ. ಕೈಗನ್ನಡಿ ಮಂಚದ ಪಕ್ಕದಲ್ಲೇ, ಸತ್ಯವೇದದ ಮೇಲೆ ಇರುತ್ತದೆ. ರಾತ್ರಿ ಪ್ರಾರ್ಥನೆಗೆ ಮೊದಲು ಅಂಗಾಲು ನೋಡಿಕೊಳ್ಳುತ್ತೇನೆ.

ಐವತ್ತು ದಾಟಿದವರಿಗೆ, ಜಿಮ್ಮಿನ ಗದ್ದಲ ಒಗ್ಗದವರಿಗೆ, ಮನೆಯವರೆಲ್ಲರ ಆರೈಕೆ ಮಾಡಿ ತಮ್ಮದನ್ನು ಮರೆತ ಹೆಂಗಸರಿಗೆ ಈ ತರಗತಿಯನ್ನು ನಿಸ್ಸಂದೇಹವಾಗಿ ಶಿಫಾರಸು ಮಾಡುತ್ತೇನೆ. ಬೇಗ ತೂಕ ಇಳಿಸಬೇಕೆನ್ನುವವರಿಗೂ, ಹೃದಯದ ತೊಂದರೆಯಿದ್ದು ವೈದ್ಯರನ್ನು ಇನ್ನೂ ಕೇಳದವರಿಗೂ ಇದು ತಕ್ಕುದಲ್ಲ. ಮುಂದಿನ ತಂಡ ಜನವರಿ ಎರಡನೆಯ ವಾರ ಆರಂಭವಾಗುತ್ತದೆ, ಈ ಬಾರಿ ಸಂಜೆ 6 ಗಂಟೆಯ ಇನ್ನೊಂದು ತಂಡವೂ ಇದೆ. ಬರುವವರು ಟವೆಲ್, ನೀರಿನ ಬಾಟಲಿ, ಹಳೆಯ ರಕ್ತಪರೀಕ್ಷೆಯ ವರದಿ ಮತ್ತು ಒಳಗೆ ಹಾಕಿಕೊಳ್ಳಲು ಶುದ್ಧವಾದ ಒಂದು ಜೊತೆ ಚಪ್ಪಲಿ ತರಬೇಕು. ನಾನು ಮತ್ತೆ ಹೆಸರು ಕೊಟ್ಟಿದ್ದೇನೆ, ನನ್ನ ಹೆಸರಿನ ಕೆಳಗೆ ಮನೆಯವರ ಹೆಸರನ್ನೂ ಅವರನ್ನು ಕೇಳಿಯೇ ಬರೆಸಿದ್ದೇನೆ. ಬರುವುದನ್ನು ಬಿಟ್ಟ ಆ ಇಬ್ಬರು ಸೋದರಿಯರ ಮನೆಗೆ ಸಿಸ್ಟರ್ ಜೊತೆ ಮುಂದಿನ ಭಾನುವಾರ ಹೋಗಿ ಬರುವುದೆಂದು ನಿಶ್ಚಯಿಸಿದ್ದೇವೆ.